ನೀರಿನಡಿ ಗೇಜ್ ಮಸುಕಾಗಿ ಕಾಣುತ್ತಿದೆಯೇ? ಚಾಳೀಸು ಬಂದ ಸ್ಕೂಬಾ ಡೈವರ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ನನಗೆ ಚಾಳೀಸು ಬಂದಿದೆ ಅಂತ ಗೊತ್ತಾದದ್ದು 18 ಮೀಟರ್ ಆಳದಲ್ಲಿ. ಜೊತೆಗಿದ್ದ ಗೆಳೆಯ ಗಾಳಿ ಎಷ್ಟಿದೆ ಎಂದು ಸನ್ನೆಯಲ್ಲಿ ಕೇಳಿದ. ಮಣಿಕಟ್ಟಿನ ಡೈವ್ ಕಂಪ್ಯೂಟರ್ (ಆಳ, ಸಮಯ, ಗಾಳಿ ತೋರಿಸುವ ಗಡಿಯಾರದಂಥ ಉಪಕರಣ) ನೋಡಿ 80 ಬಾರ್ ಎಂದು ತೋರಿಸಿದೆ. ಬಾರ್ ಅಂದರೆ ಸಿಲಿಂಡರ್‌ನಲ್ಲಿರುವ ಗಾಳಿಯ ಒತ್ತಡದ ಅಳತೆ. ಅವನಿಗೆ ಯಾಕೋ ನಂಬಿಕೆ ಬರಲಿಲ್ಲ. ನನ್ನ ಕೈ ಹಿಡಿದು ತಾನೇ ನೋಡಿದ. ಇದ್ದದ್ದು 60. ದೋಣಿ ಹತ್ತಿದ ಮೇಲೆ ‘ಮಾಸ್ಕ್ ಮಂಜು ಕಟ್ಟಿತ್ತು ಮಾರಾಯ’ ಎಂದು ತೇಲಿಸಿಬಿಟ್ಟೆ. ಮಂಜು ಕಟ್ಟಿರಲಿಲ್ಲ. ಆ ಸಂಖ್ಯೆಯನ್ನು ನಾನು ಓದಿರಲೇ ಇಲ್ಲ, ಊಹಿಸಿದ್ದೆ.

ನೀರಿನ ಮೇಲೆ ಓದಲು ಆಗದಿದ್ದರೆ ಜೇಬಿನಿಂದ ಕನ್ನಡಕ ತೆಗೆಯುತ್ತೇವೆ. ನೀರಿನಡಿ ಆ ಜೇಬಿಲ್ಲ. ಅಲ್ಲಿ ಗೇಜ್‌ನಲ್ಲಿ, ಅಂದರೆ ಅಳತೆ ತೋರಿಸುವ ಉಪಕರಣದಲ್ಲಿ, ಓದಬೇಕಾದದ್ದು ನಾಲ್ಕೇ ನಾಲ್ಕು ಸಂಖ್ಯೆ: ಆಳ, ಸಿಲಿಂಡರ್‌ನಲ್ಲಿ ಉಳಿದ ಗಾಳಿ, ಆ ಆಳದಲ್ಲಿ ಇನ್ನೆಷ್ಟು ನಿಮಿಷ ಇರಬಹುದು, ಮೇಲೇರುವ ವೇಗ. ಈ ನಾಲ್ಕರಲ್ಲಿ ಒಂದನ್ನು ಊಹಿಸುತ್ತಿದ್ದೀರಿ ಅಂದರೂ ಉಪಕರಣ ಕೆಟ್ಟಿದೆ ಎಂದೇ ಲೆಕ್ಕ. ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್‌ನಲ್ಲಿ ಗಾಳಿ ಸೋರುತ್ತಿದ್ದರೆ ಸುಮ್ನೆ ಇಳಿಯುತ್ತೀರಾ? ಇಲ್ಲ ಅಲ್ವಾ. ಇದೂ ಹಾಗೇ.

ಮಸುಕಿಗೆ ಕಾರಣ ಚಾಳೀಸೇ ಆಗಿರಬೇಕೆಂದಿಲ್ಲ. ಹಾಗಾಗಿ ನಿಮಗೆ ಕಾಣುವ ಲಕ್ಷಣದಿಂದಲೇ ಶುರು ಮಾಡೋಣ.

## ಮೊದಲು ಇದು: ಈ ಲಕ್ಷಣಗಳಿದ್ದರೆ ಮಾಸ್ಕ್ ತಪ್ಪಲ್ಲ

ಡೈವ್ ಮುಗಿಸಿ ಮೇಲೆ ಬಂದ ಮೇಲೆ ನೋಟ ಮಸುಕಾಗಿದೆ, ಒಂದು ವಸ್ತು ಎರಡಾಗಿ ಕಾಣುತ್ತಿದೆ, ಅಥವಾ ನೋಟದ ಒಂದು ಭಾಗವೇ ಕಾಣುತ್ತಿಲ್ಲ. ಜೊತೆಗೆ ಜೋಮು, ಕೀಲುನೋವು, ತಲೆಸುತ್ತು, ಕೈಕಾಲಿನಲ್ಲಿ ಬಲವಿಲ್ಲದಿರುವುದು, ಮಾತು ತೊದಲುವುದು, ವಿಪರೀತ ಸುಸ್ತು. ಇದು ಡಿಕಂಪ್ರೆಶನ್ ಕಾಯಿಲೆ (ಮೇಲೇರುವಾಗ ದೇಹದಲ್ಲಿ ಕರಗಿದ್ದ ಸಾರಜನಕ ಗುಳ್ಳೆಯಾಗುವುದು) ಇರಬಹುದು, ಇಲ್ಲವೇ ರಕ್ತನಾಳದಲ್ಲಿ ಗಾಳಿಗುಳ್ಳೆ ಸೇರಿರಬಹುದು. ಮಲಗಿಸಿ, ಶುದ್ಧ ಆಮ್ಲಜನಕ ಕೊಡಿ, ತುರ್ತು ವೈದ್ಯಕೀಯ ನೆರವಿಗೆ ಕರೆ ಮಾಡಿ. ‘ಸ್ವಲ್ಪ ಹೊತ್ತು ನೋಡೋಣ’ ಎಂದು ಕಾಯಬೇಡಿ. ಮತ್ತೆ ನೀರಿಗಿಳಿದರೆ ಸರಿಹೋಗುತ್ತದೆ ಎಂಬ ಯೋಚನೆಯಂತೂ ಬೇಡವೇ ಬೇಡ.

ಕಣ್ಣಲ್ಲಿ ಮಿಂಚು ಹೊಡೆದಂತಾಗುವುದು, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ, ಒಂದು ಕಡೆಯಿಂದ ಪರದೆ ಇಳಿದಂತೆ ಕಾಣುವುದು: ಇದು ಅಕ್ಷಿಪಟಲ ಕಳಚುತ್ತಿರುವ ಸೂಚನೆ ಇರಬಹುದು. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಕಣ್ಣು ಕಿತ್ತುಬರುವಷ್ಟು ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಇದ್ದರೆ ಕಣ್ಣಿನೊಳಗಿನ ಒತ್ತಡ ಏರಿರಬಹುದು. ಅದೂ ತುರ್ತೇ.

ಆಮ್ಲಜನಕ ಜಾಸ್ತಿ ಇರುವ ನೈಟ್ರಾಕ್ಸ್ ಉಸಿರಾಡುತ್ತಿದ್ದೀರಿ, ನೋಟ ಸುರಂಗದ ಹಾಗೆ ಕಿರಿದಾಗುತ್ತಿದೆ, ತುಟಿ ಅದುರುತ್ತಿದೆ, ಕಿವಿ ಗುಂಯ್ ಅನ್ನುತ್ತಿದೆ. ಇದು ಆಮ್ಲಜನಕದ ವಿಷಬಾಧೆಯ ಲಕ್ಷಣ. ಕೂಡಲೇ ಆಳ ಕಡಿಮೆ ಮಾಡಿ, ಜೊತೆಗಾರನ ಕೈ ಬಿಡದೆ ಡೈವ್ ಮುಗಿಸಿ. 32 ಶೇಕಡಾ ಆಮ್ಲಜನಕದ ಮಿಶ್ರಣಕ್ಕೆ ಸಾಮಾನ್ಯವಾಗಿ ಹಾಕುವ ಮಿತಿ ಸುಮಾರು 33 ಮೀಟರ್. ಆಳದ ಸಂಖ್ಯೆ ಓದಲು ಆಗದವರಿಗೆ ಆ ಮಿತಿ ದಾಟಿದ್ದು ಗೊತ್ತಾಗುವುದಾದರೂ ಹೇಗೆ?

ಇವು ಯಾವುವೂ ಇಲ್ಲ, ಬರೀ ಓದಲು ಕಷ್ಟ ಅನ್ನುವವರು ಮುಂದೆ ಓದಿ.

## ಕುಳಿತಲ್ಲೇ ಮಾಡುವ ಎರಡು ಪರೀಕ್ಷೆ

ಮೊದಲನೆಯದಕ್ಕೆ ಕಾಸು ಖರ್ಚಿಲ್ಲ. ಕನ್ನಡಕ ತೆಗೆದು ಫೋನಿನ ಸಣ್ಣ ಅಕ್ಷರ ನೋಡಿ. ಮಸುಕಾಗಿದೆಯೇ? ಈಗ ತೋರುಬೆರಳನ್ನು ಬಿಗಿಯಾಗಿ ಸುರುಳಿ ಸುತ್ತಿ, ನಡುವೆ ಸೂಜಿ ತೂರುವಷ್ಟು ಕಿಂಡಿ ಬಿಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಆ ಕಿಂಡಿಯಲ್ಲಿ ನೋಡಿ. ಅಕ್ಷರ ಚೂಪಾದರೆ ನಿಮ್ಮದು ನಂಬರಿನ ಸಮಸ್ಯೆ, ಅಂದರೆ ಲೆನ್ಸ್‌ನಿಂದ ಸರಿಹೋಗುತ್ತದೆ. ಕಿಂಡಿಯಲ್ಲೂ ಮಸುಕೇ ಇದ್ದರೆ ಪೊರೆ ಅಥವಾ ಬೇರೇನೋ ಇರಬಹುದು. ಮಾಸ್ಕ್‌ಗೆ ದುಡ್ಡು ಹಾಕುವ ಮೊದಲು ಕಣ್ಣು ತೋರಿಸಿಕೊಳ್ಳಿ.

ಎರಡನೆಯದು ಬಕೆಟ್ ಪರೀಕ್ಷೆ. ನೀರು ತುಂಬಿದ ಬಕೆಟ್ಟಿನ ತಳದಲ್ಲಿ ಕಂಪ್ಯೂಟರ್ ಅಥವಾ ಗೇಜ್ ಇಡಿ. ಮಾಸ್ಕ್ ಹಾಕಿಕೊಂಡು ಅದರ ಗಾಜು ಮಾತ್ರ ಮುಳುಗುವಷ್ಟು ಬಗ್ಗಿ ನೋಡಿ. ಮನೆಯವರು ನಗುತ್ತಾರೆ, ನಗಲಿ. ಒಮ್ಮೆ ದೀಪ ಹಾಕಿ ನೋಡಿ, ಇನ್ನೊಮ್ಮೆ ಆರಿಸಿ ನೋಡಿ. ಬೆಳಕಲ್ಲಿ ಓದಲು ಬಂದು, ಮಬ್ಬಿನಲ್ಲಿ ಬಾರದಿದ್ದರೆ ಅದೊಂದು ಒಳ್ಳೆಯ ಸುಳಿವು. ಅದರ ಮಾತು ಕೆಳಗೆ ಬರುತ್ತದೆ.

## ‘ದೂರ, ಹತ್ತಿರ ಎಲ್ಲವೂ ಮಸುಕು. ಒರೆಸಿದರೆ ಸರಿಹೋಗುತ್ತದೆ’

ಇದು ಮಂಜು. ನೀರಿನಡಿ ಮಾಸ್ಕ್‌ಗೆ ಸ್ವಲ್ಪ ನೀರು ಬಿಟ್ಟು ಗಾಜು ತೊಳೆದಾಗ ಒಂದು ಕ್ಷಣ ಸ್ವಚ್ಛವಾಗಿ ಕಂಡರೆ ಬೇರೆ ಸಾಕ್ಷಿ ಬೇಡ.

ಹೊಸ ಮಾಸ್ಕ್‌ನ ಗಾಜಿನ ಮೇಲೆ ತಯಾರಿಕೆಯಲ್ಲಿ ಉಳಿದ ತೆಳು ಜಿಡ್ಡಿನ ಪದರ ಇರುತ್ತದೆ. ಉಸಿರಿನ ತೇವ ಅದರ ಮೇಲೆ ಹನಿಗಟ್ಟುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿಂದ ಒಳಗಾಜನ್ನು ಚೆನ್ನಾಗಿ ಉಜ್ಜಿ, ತೊಳೆಯಿರಿ. ಎರಡು ಮೂರು ಸಲ ಬೇಕಾಗಬಹುದು. ಆಮೇಲೆ ಪ್ರತಿ ಡೈವ್‌ಗೆ ಎಂಜಲು ಸವರಿ ಒಮ್ಮೆ ಅದ್ದಿ ತೆಗೆದರೆ ಸಾಕು. ಗಾಜಿನ ಒಳಗೆ ಲೇಪನ ಇದೆ, ಅಥವಾ ಒಳಗೆ ಈಗಾಗಲೇ ಲೆನ್ಸ್ ಅಂಟಿಸಿದೆ ಅಂದರೆ ಟೂತ್‌ಪೇಸ್ಟ್ ಮುಟ್ಟಿಸಬೇಡಿ, ಗೀರು ಬೀಳುತ್ತದೆ. ಲೈಟರ್ ಉರಿಯಿಂದ ಜಿಡ್ಡು ಸುಡುವವರೂ ಇದ್ದಾರೆ. ಲೆನ್ಸ್ ಅಂಟಿಸಿದ ಮಾಸ್ಕ್‌ಗೆ ಆ ಕೆಲಸ ಖಂಡಿತ ಬೇಡ.

ಡೈವ್ ಉದ್ದಕ್ಕೂ ಮಂಜು ಮರುಕಳಿಸಿದರೆ ನೀವು ಮೂಗಿನಿಂದ ಉಸಿರು ಬಿಡುತ್ತಿರಬಹುದು. ಒಂದು ಹತ್ತು ಉಸಿರು ಗಮನ ಕೊಟ್ಟು ನೋಡಿ.

## ‘ದೂರದ ಮೀನು ಲಕಲಕ ಕಾಣುತ್ತದೆ, ಕೈಯಲ್ಲಿರುವ ಗೇಜ್ ಕಾಣುವುದಿಲ್ಲ’

ಇದೇ ಚಾಳೀಸು. ಕಣ್ಣಿನೊಳಗಿನ ಲೆನ್ಸ್ ಚಿಕ್ಕ ವಯಸ್ಸಿನಲ್ಲಿ ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಉಬ್ಬುತ್ತದೆ. ನಲವತ್ತರ ಆಸುಪಾಸಿನಲ್ಲಿ ಅದು ಗಡುಸಾಗಿ, ಉಬ್ಬುವುದು ಕಡಿಮೆಯಾಗುತ್ತದೆ. ಅರವತ್ತರ ಹೊತ್ತಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ನೀರು ಇದರೊಳಗೆ ತನ್ನದೊಂದು ಆಟ ಸೇರಿಸುತ್ತದೆ. ಬೆಳಕು ನೀರಿನಿಂದ ಮಾಸ್ಕ್ ಒಳಗಿನ ಗಾಳಿಗೆ ದಾಟುವಾಗ ಬಾಗುತ್ತದೆ. ಇದರಿಂದ ವಸ್ತು ನಿಜವಾದ ದೂರದ ಮುಕ್ಕಾಲರಷ್ಟೇ ದೂರದಲ್ಲಿ ಇದ್ದಂತೆ ಕಾಣುತ್ತದೆ, ಮೂರನೇ ಒಂದರಷ್ಟು ದೊಡ್ಡದಾಗಿಯೂ ಕಾಣುತ್ತದೆ. ಮೇಲೆ ಬಂದು ‘ಇಷ್ಟುದ್ದ ಇತ್ತು ಮೀನು’ ಎಂದು ಕೈ ಅಗಲಿಸುವವರೆಲ್ಲ ಸುಳ್ಳುಗಾರರಲ್ಲ.

ದೊಡ್ಡದಾಗಿ ಕಾಣುವುದು ಲಾಭ. ಚಾಳೀಸಿನ ಆರಂಭದಲ್ಲಿ ‘ನೀರಿನಡಿ ನನಗೆ ತೊಂದರೆ ಇಲ್ಲ’ ಎಂದು ಹಲವರಿಗೆ ಅನಿಸುವುದು ಇದರಿಂದಲೇ. ಹತ್ತಿರ ಕಾಣುವುದು ನಷ್ಟ. ಕಣ್ಣಿನಿಂದ ಅರ್ಧ ಮೀಟರ್ ದೂರ ಹಿಡಿದ ಗೇಜ್, ಕಣ್ಣಿನ ಪಾಲಿಗೆ ಸುಮಾರು 40 ಸೆಂಟಿಮೀಟರ್ ದೂರದಲ್ಲಿದೆ. ಅಂದರೆ ಪುಸ್ತಕ ಹಿಡಿಯುವ ದೂರ. ಪುಸ್ತಕಕ್ಕೆ ಕನ್ನಡಕ ಬೇಕಾದವರಿಗೆ ಗೇಜ್‌ಗೂ ಬೇಕಾಗುತ್ತದೆ.

ಖರ್ಚಿಲ್ಲದ ಉಪಾಯಗಳನ್ನು ಮೊದಲು ನೋಡಿ:

ಕೈ ಪೂರ್ತಿ ಚಾಚಿ ನೋಡಿ. ಗೇಜ್ ಎದೆಗೆ ಹತ್ತಿರ ಸಿಕ್ಕಿಸಿದ್ದರೆ, ಚಾಚಲು ಆಗುವಂಥ ಜಾಗಕ್ಕೆ ಕ್ಲಿಪ್ ಬದಲಿಸಿ.

ಕಂಪ್ಯೂಟರ್‌ನ ಸೆಟ್ಟಿಂಗ್ ತೆರೆಯಿರಿ. ಹೆಚ್ಚು ಮಾಹಿತಿ ತುರುಕಿದ ಪರದೆ ಬಿಟ್ಟು, ದೊಡ್ಡ ಅಂಕಿಗಳ ಪರದೆ ಇದ್ದರೆ ಆರಿಸಿ. ಬೆಳಕನ್ನು ಜಾಸ್ತಿ ಮಾಡಿ. ಯಾವ ಸಂಖ್ಯೆ ಪರದೆಯ ಯಾವ ಮೂಲೆಯಲ್ಲಿದೆ ಎಂದು ನೆಲದ ಮೇಲೆಯೇ ಬಾಯಿಪಾಠ ಮಾಡಿ. ಮಸುಕಿನಲ್ಲಿ 6, 8, 3 ಒಂದೇ ಥರ ಕಾಣುತ್ತವೆ. ಯಾವುದು ಆಳ, ಯಾವುದು ನಿಮಿಷ ಎಂಬ ಗೊಂದಲವೂ ಸೇರಿದರೆ ಕಥೆ ಮುಗಿಯಿತು.

ಮುಳ್ಳಿನ ಗೇಜ್ ಇದ್ದರೆ ಒಂದು ಅನುಕೂಲ ಇದೆ. ಅಂಕಿ ಕಾಣದಿದ್ದರೂ ಮುಳ್ಳು ಯಾವ ಕಡೆ ವಾಲಿದೆ ಎಂದು ಗಡಿಯಾರದಂತೆ ತಿಳಿಯುತ್ತದೆ. ಹಾಗೆಂದು ಇದನ್ನೇ ನೆಚ್ಚಿಕೊಳ್ಳಬೇಡಿ. ಗಾಳಿ ಮುಗಿಯುತ್ತಿದೆ ಎಂದು ಎಚ್ಚರಿಸುವ 50 ಬಾರ್‌ನ ಕೆಂಪು ಪಟ್ಟಿ ಆಳದಲ್ಲಿ ಕೆಂಪಾಗಿ ಕಾಣುವುದಿಲ್ಲ.

ಭೂತಗನ್ನಡಿ ಒಯ್ಯಬಹುದಲ್ಲಾ ಎಂದು ನನಗೂ ಹೊಳೆದಿತ್ತು, ಒಯ್ದೂ ನೋಡಿದೆ. ಕೆಲಸಕ್ಕೆ ಬರಲಿಲ್ಲ. ಎರಡೂ ಬದಿ ನೀರಿದ್ದಾಗ ಗಾಜಿನ ಲೆನ್ಸ್ ತನ್ನ ಶಕ್ತಿಯ ಸುಮಾರು ಮೂರನೇ ಎರಡು ಭಾಗ ಕಳೆದುಕೊಳ್ಳುತ್ತದೆ. ಲೆನ್ಸ್ ಇರಬೇಕಾದದ್ದು ಮಾಸ್ಕ್ ಒಳಗೆ, ಗಾಳಿಯ ಕಡೆ.

## ಓದುವ ಲೆನ್ಸ್ ಅಂಟಿಸುವುದು

ನನ್ನ ಮಟ್ಟಿಗೆ ಇದೇ ಮೊದಲ ಖರ್ಚು ಆಗಬೇಕು. ಅರ್ಧಚಂದ್ರದ ಆಕಾರದ, ಮೆತ್ತನೆ ಪಾರದರ್ಶಕ ಪ್ಲಾಸ್ಟಿಕ್‌ನ ಸಣ್ಣ ಲೆನ್ಸ್ ಸಿಗುತ್ತದೆ. ಅಂಟು ಬೇಡ. ಬರೀ ನೀರಿನಿಂದ ಗಾಜಿಗೆ ಕಚ್ಚಿಕೊಳ್ಳುತ್ತದೆ. ಬೇಡ ಅನಿಸಿದರೆ ಕಿತ್ತು ಇನ್ನೊಂದು ಜಾಗದಲ್ಲಿ ಕೂರಿಸಬಹುದು.

ಯಾವ ನಂಬರ್? ಪುಸ್ತಕ ಓದಲು ಯಾವ ಪ್ಲಸ್ ನಂಬರ್ ಬಳಸುತ್ತೀರೋ ಅದರಿಂದ ಶುರು ಮಾಡಿ. ಜಾಸ್ತಿ ನಂಬರ್ ಹಾಕಿದರೆ ಇನ್ನೂ ಚೆನ್ನ ಎಂಬುದು ತಪ್ಪು. ಕಣ್ಣು ತಾನಾಗಿ ಏನೂ ಹೊಂದಿಸಿಕೊಳ್ಳದ ವಯಸ್ಸಿನಲ್ಲಿ, ದೂರದ ನೋಟ ಸರಿ ಇರುವವರಿಗೆ, +2.00 ಹಾಕಿದರೆ ನೀರಿನಡಿ ಚೂಪಾಗಿ ಕಾಣುವ ಜಾಗ ಸುಮಾರು 65 ಸೆಂಟಿಮೀಟರ್. +3.00 ಹಾಕಿದರೆ ಅದೇ ಜಾಗ 42ರ ಹತ್ತಿರಕ್ಕೆ ಬರುತ್ತದೆ. ಕೈ ಚಾಚಿ ಓದುವವರಿಗೆ ಮೊದಲನೆಯದು, ಮೊಣಕೈ ಮಡಿಸಿ ಮುಖದ ಹತ್ತಿರ ತಂದು ನೋಡುವವರಿಗೆ ಎರಡನೆಯದು. ನಿಮ್ಮ ಅಭ್ಯಾಸ ಯಾವುದು ಎಂದು ಬಕೆಟ್ಟಿನ ಮುಂದೆಯೇ ಗೊತ್ತಾಗುತ್ತದೆ.

ಎಲ್ಲಿ ಅಂಟಿಸಬೇಕು ಎಂಬುದು ನಂಬರಿನಷ್ಟೇ ಮುಖ್ಯ. ಮಾಸ್ಕ್ ಹಾಕಿಕೊಂಡು, ಡೈವ್‌ನಲ್ಲಿ ನೋಡುವ ಹಾಗೆಯೇ ಗೇಜ್ ಹಿಡಿಯಿರಿ. ತಲೆ ಬಗ್ಗಿಸಬೇಡಿ, ಕಣ್ಣು ಮಾತ್ರ ಇಳಿಸಿ. ನೋಟ ಗಾಜಿನ ಯಾವ ಭಾಗದಿಂದ ಹೋಗುತ್ತದೋ ಅಲ್ಲಿ ಜೊತೆಗಾರ ಹೊರಗಿನಿಂದ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಲಿ. ಎಡಗೈಯಲ್ಲಿ ಕಂಪ್ಯೂಟರ್ ಕಟ್ಟುವವರಿಗೆ ಇದು ಸಾಮಾನ್ಯವಾಗಿ ಎಡಗಣ್ಣಿನ ಗಾಜಿನ ಕೆಳಭಾಗ. ಒಂದೇ ಕಣ್ಣಿಗೆ ಅಂಟಿಸಿದರೂ ಗೇಜ್ ಓದಲು ಸಾಕಾಗುತ್ತದೆ. ಕ್ಯಾಮೆರಾ ಹಿಡಿಯುವವರು, ಅದರಲ್ಲೂ ಚಿಕ್ಕ ಜೀವಿಗಳ ಫೋಟೊ ತೆಗೆಯುವವರು, ಎರಡೂ ಕಣ್ಣಿಗೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಗಾಜನ್ನು ಮೊದಲು ಚೆನ್ನಾಗಿ ಉಜ್ಜಿ ಜಿಡ್ಡು ತೆಗೆಯಿರಿ. ಮಂಜು ತರುವ ಆ ಪದರವೇ ಲೆನ್ಸ್ ಕಚ್ಚಲೂ ಬಿಡುವುದಿಲ್ಲ. ಗಾಜು, ಲೆನ್ಸ್ ಎರಡನ್ನೂ ಒದ್ದೆ ಮಾಡಿ, ಚಪ್ಪಟೆ ಬದಿಯನ್ನು ಗಾಜಿಗೆ ತಾಗಿಸಿ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ನೀರು, ಗಾಳಿ ಹೊರಗೆ ತಳ್ಳಿ. ಅಂಚಿನಲ್ಲಿ ಮಾಸ್ಕ್‌ನ ಸಿಲಿಕೋನ್‌ಗೆ ತಾಗುತ್ತಿದ್ದರೆ ಕತ್ತರಿಯಿಂದ ಸವರಿ. ಒಂದು ದಿನ ಪೂರ್ತಿ ಒಣಗಲು ಬಿಡಿ. ಡೈವ್‌ಗೆ ಹೊರಟ ದಿನ ಬೆಳಿಗ್ಗೆ ಅಂಟಿಸುವವರ ಲೆನ್ಸ್ ಮಧ್ಯಾಹ್ನದ ಹೊತ್ತಿಗೆ ಮೂಗಿನ ಪಕ್ಕ ತೇಲುತ್ತಿರುತ್ತದೆ.

## ‘ಲೆನ್ಸ್ ಅಂಟಿಸಿದ್ದೇನೆ, ಆದರೂ ಸರಿ ಇಲ್ಲ’

ಅಂಚು ಏಳುತ್ತಿದೆ ಅಥವಾ ಕಳಚಿ ಬೀಳುತ್ತಿದೆ: ಜಿಡ್ಡು ಉಳಿದಿದೆ, ಅಥವಾ ಒಣಗಿಲ್ಲ. ಕಿತ್ತು, ತೊಳೆದು, ಮತ್ತೆ ಅಂಟಿಸಿ. ಸೂಪರ್‌ಗ್ಲೂ ಮಾತ್ರ ಬೇಡ. ಕಲೆ ಕೂರುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಮತ್ತೆ ಮತ್ತೆ ಬೀಳುತ್ತಿದ್ದರೆ ಲೆನ್ಸ್ ಹಳೆಯದಾಗಿ ಗಡುಸಾಗಿದೆ ಎಂದರ್ಥ. ಹೊಸದು ತನ್ನಿ.

ಮಾಸ್ಕ್‌ಗೆ ನೀರು ನುಗ್ಗಿದಾಗ ಓದಲು ಆಗುವುದಿಲ್ಲ: ಇದು ದೋಷವಲ್ಲ. ಲೆನ್ಸ್ ಮಾಸ್ಕ್‌ನ ತಳದಲ್ಲಿದೆ, ನೀರು ನಿಲ್ಲುವುದೂ ಅಲ್ಲೇ. ಮುಳುಗಿದ ಲೆನ್ಸ್‌ನ ಶಕ್ತಿ ಬಹುಪಾಲು ಹೋಗಿರುತ್ತದೆ. ಮಾಸ್ಕ್ ಖಾಲಿ ಮಾಡಿ ನೋಡಿ. ಯಾವಾಗಲೂ ಸೋರುತ್ತಿದ್ದರೆ ಸಿಲಿಕೋನ್ ಅಂಚಿನಡಿ ಕೂದಲು, ಮೀಸೆ ಸಿಕ್ಕಿದೆಯೇ ನೋಡಿ. ಸಾಮಾನ್ಯ ಕನ್ನಡಕವನ್ನು ಮಾಸ್ಕ್ ಒಳಗೆ ಹಾಕಲು ಆಗದ್ದೂ ಇದಕ್ಕೇ. ಕಿವಿಗೆ ಹೋಗುವ ಕಡ್ಡಿ ಅಂಚಿನಡಿ ಹಾದು ಸೋರುವ ದಾರಿ ಮಾಡುತ್ತದೆ.

ಗೇಜ್ ಕಾಣುತ್ತದೆ, ಕಾಲು ಕಾಣುವುದಿಲ್ಲ: ಲೆನ್ಸ್ ದೊಡ್ಡದಾಯಿತು. ಕೆಳಗೆ ನೋಡಿದಾಗಲೆಲ್ಲ ನೆಲ, ಏಣಿಯ ಮೆಟ್ಟಿಲು, ಕಾಲಿಗೆ ಹಾಕಿದ ಫಿನ್ ಎಲ್ಲವೂ ಮಸುಕಾಗುತ್ತವೆ. ಅಲೆಗಳ ನಡುವೆ ದೋಣಿಯ ಏಣಿ ಹತ್ತುವಾಗ ಇದು ಅಪಾಯ. ಲೆನ್ಸ್‌ನ್ನು ಕತ್ತರಿಸಿ ಚಿಕ್ಕದು ಮಾಡಿ ಮೂಲೆಗೆ ಸರಿಸಿ. ತಯಾರಕರೇ ಕೆಳಗಿನ ಅರ್ಧಕ್ಕೆ ಪ್ಲಸ್ ನಂಬರ್ ಹಾಕಿದ ಮಾಸ್ಕ್‌ಗಳಲ್ಲೂ ಈ ತಾಪತ್ರಯ ಇದೆ. ಅದರಲ್ಲಿ ಕತ್ತರಿಸುವ ಮಾತಿಲ್ಲ. ಕೊಳ್ಳುವ ಮೊದಲು ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿದು ನೋಡಿ.

ಗಾಜಿಗೆ ಕಾಯಂ ಅಂಟಿಸಿಕೊಟ್ಟ ಲೆನ್ಸ್‌ನ ಅಂಚಿನಲ್ಲಿ ಗುಳ್ಳೆ, ಬಿಳಿಚಿದ ಪದರ: ಅಂಟು ಬಿಡುತ್ತಿದೆ. ಮನೆಯಲ್ಲಿ ಸರಿಮಾಡುವ ಕೆಲಸವಲ್ಲ. ಮಾಡಿಕೊಟ್ಟವರಿಗೇ ವಾಪಸ್ ಕೊಡಿ.

## ‘ಮೈನಸ್ ನಂಬರಿನ ಮಾಸ್ಕ್ ಮಾಡಿಸಿದೆ, ಅಂದಿನಿಂದ ಗೇಜ್ ಕಾಣುತ್ತಿಲ್ಲ’

ಇದನ್ನು ಕೇಳಿದಾಗ ಮಾಸ್ಕ್ ತಪ್ಪು ಮಾಡಿದ್ದಾರೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಮಾಸ್ಕ್ ಸರಿಯಾಗಿಯೇ ಇದೆ.

ದೂರಕ್ಕೆ ಮೈನಸ್ 2, 2.5 ಇರುವವರು ಕನ್ನಡಕ ತೆಗೆದು ಪುಸ್ತಕ ಓದುವುದನ್ನು ನೋಡಿರುತ್ತೀರಿ. ಅವರ ಬರಿಗಣ್ಣಿಗೆ ಹತ್ತಿರದ್ದು ತಾನಾಗಿಯೇ ಸ್ಪಷ್ಟ. ಅಂಥವರು ಇಷ್ಟು ವರ್ಷ ಸಾದಾ ಮಾಸ್ಕ್‌ನಲ್ಲಿ ಗೇಜ್ ಆರಾಮಾಗಿ ಓದುತ್ತಿದ್ದರು, ದೂರದ ಮೀನು ಮಾತ್ರ ಕಾಣುತ್ತಿರಲಿಲ್ಲ. ಪೂರ್ತಿ ನಂಬರ್ ಹಾಕಿದ ಮಾಸ್ಕ್ ಬಂತು, ಮೀನು ಕಂಡಿತು, ಅಡಗಿದ್ದ ಚಾಳೀಸು ಹೊರಬಿತ್ತು.

ಖಚಿತಪಡಿಸಿಕೊಳ್ಳಲು ಹಳೆಯ ಸಾದಾ ಮಾಸ್ಕ್ ಹಾಕಿ ಬಕೆಟ್ ಪರೀಕ್ಷೆ ಮಾಡಿ. ಅದರಲ್ಲಿ ಓದಲು ಬಂದರೆ ಕಾರಣ ಇದೇ. ಪರಿಹಾರಗಳು ಹೀಗಿವೆ. ಹೊಸ ಮಾಸ್ಕ್‌ನ ಕೆಳಗೆ ಓದುವ ಲೆನ್ಸ್ ಅಂಟಿಸಬಹುದು. ಅಥವಾ ಗಾಜು ಬದಲಿಸಬಹುದಾದ ಮಾಸ್ಕ್ ಆದರೆ ನಂಬರನ್ನು ಸ್ವಲ್ಪ ಕಡಿಮೆ ಇಡಬಹುದು. ನೀರಿನಡಿ ಮೈಲಿ ದೂರ ನೋಡುವುದು ಏನಿದೆ? ನೀರು ತಿಳಿಯಾಗಿದ್ದರೂ ನೋಟ ಕೆಲವು ಹತ್ತು ಮೀಟರ್‌ಗೆ ಮುಗಿಯುತ್ತದೆ. ಅರ್ಧ ನಂಬರ್ ಕಡಿಮೆಯಾದರೆ ದೊಡ್ಡ ನಷ್ಟವಿಲ್ಲ. ಎಷ್ಟು ಕಡಿಮೆ ಎಂದು ಕಣ್ಣು ಪರೀಕ್ಷಿಸುವವರ ಬಳಿ ಕೇಳಿ. ಕೇಳುವಾಗ ಗೇಜ್ ಹಿಡಿಯುವ ದೂರವನ್ನು ಟೇಪಿನಲ್ಲಿ ಅಳೆದುಕೊಂಡು ಹೋಗಿ. ‘ಕೈಯಷ್ಟು ದೂರ’ ಎಂದರೆ ಅವರಿಗೆ ಏನೂ ಹೇಳಿದಂತಾಗುವುದಿಲ್ಲ. ನೀರಿನಡಿ ಅದರ ಮುಕ್ಕಾಲು ದೂರದಂತೆ ಕಾಣುತ್ತದೆ ಎಂಬುದನ್ನೂ ಹೇಳಿ.

## ‘ಮೇಲೆ ಓದಲು ಬರುತ್ತದೆ, ಆಳಕ್ಕೆ ಹೋದರೆ ಇಲ್ಲ’

ಮೊದಲ ಅನುಮಾನ ಬೆಳಕಿನ ಮೇಲಿರಲಿ. ಬೆಳಕು ಕಡಿಮೆಯಾದಂತೆ ಕಣ್ಣಿನ ಪಾಪೆ ಅಗಲವಾಗುತ್ತದೆ. ಪಾಪೆ ಅಗಲವಾದಷ್ಟೂ ಮಸುಕು ಜಾಸ್ತಿ. ಬೆರಳ ಕಿಂಡಿಯ ಪರೀಕ್ಷೆ ನೆನಪಿದೆಯಲ್ಲ, ಅದರ ತಿರುಗುಮುರುಗು. ಜೊತೆಗೆ ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಸುಮಾರು 10 ಮೀಟರ್ ಹೊತ್ತಿಗೆ ಕೆಂಪು ಬಹುಪಾಲು ಹೋಗಿ ಬೂದು, ಕಪ್ಪಾಗಿ ಕಾಣುತ್ತದೆ.

ಚಿಕ್ಕ ಟಾರ್ಚ್ ಹಿಡಿದು ಗೇಜ್ ಮೇಲೆ ಓರೆಯಾಗಿ ಬೆಳಕು ಬಿಡಿ. ನೇರ ಬಿಟ್ಟರೆ ಗಾಜು ಹೊಳೆದು ಕಣ್ಣು ಕುಕ್ಕುತ್ತದೆ. ಟಾರ್ಚ್ ಹಾಕಿದೊಡನೆ ಓದಲು ಬಂದರೆ ಈ ಸಲಕ್ಕೆ ಟಾರ್ಚ್ ಸಾಕು. ಆದರೆ ಚಾಳೀಸು ಬಾಗಿಲು ತಟ್ಟಿದೆ ಎಂದು ತಿಳಿಯಿರಿ. ಮುಂದಿನ ವರ್ಷಕ್ಕೆ ಲೆನ್ಸ್ ಬೇಕಾಗಬಹುದು.

ಇನ್ನೊಂದು ಸಾಧ್ಯತೆ ಕಣ್ಣಿನದಲ್ಲ, ತಲೆಯದು. 30 ಮೀಟರ್ ಆಸುಪಾಸಿನಲ್ಲಿ ಸಾರಜನಕದ ಮಂಪರು ಹತ್ತುತ್ತದೆ. ಅಂಕಿಗಳು ಚೂಪಾಗಿಯೇ ಕಾಣುತ್ತವೆ, ಆದರೆ ಅವು ಏನು ಹೇಳುತ್ತಿವೆ ಎಂದು ಹೊಳೆಯುವುದಿಲ್ಲ. ಒಂದೇ ಸಂಖ್ಯೆಯನ್ನು ಮೂರು ಸಲ ಓದುತ್ತೀರಿ, ಮರುಕ್ಷಣ ಮರೆಯುತ್ತೀರಿ. ಗೇಜ್ ನೋಡಿ ಕಾರಣವಿಲ್ಲದೆ ನಗು ಬಂದರೂ ಇದೇ. ಕೆಲವು ಮೀಟರ್ ಮೇಲೇರಿ. ತಲೆ ತಿಳಿಯಾದರೆ ಉತ್ತರ ಸಿಕ್ಕಿತು.

## ‘ನಿನ್ನೆವರೆಗೂ ಸರಿ ಇತ್ತು, ಇವತ್ತು ಹತ್ತಿರದ್ದು ಏನೂ ಕಾಣುತ್ತಿಲ್ಲ’

ಚಾಳೀಸು ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ನಿಧಾನಕ್ಕೆ, ವರ್ಷಗಳಲ್ಲಿ ಬರುತ್ತದೆ. ಹಾಗಾದರೆ ಇವತ್ತು ಏನು ಬದಲಾಯಿತು?

ಕಡಲಬೇನೆಗೆಂದು ಕಿವಿಯ ಹಿಂದೆ ಔಷಧಿ ಪಟ್ಟಿ ಅಂಟಿಸಿಕೊಂಡಿದ್ದೀರಾ? ಅದರಲ್ಲಿರುವ ಸ್ಕೋಪೋಲಮಿನ್ ಪಾಪೆಯನ್ನು ಅಗಲಿಸಿ, ಹತ್ತಿರದ ನೋಟವನ್ನು ಮಸುಕು ಮಾಡಬಲ್ಲದು. ಪಟ್ಟಿ ಮುಟ್ಟಿದ ಬೆರಳಿನಿಂದ ಕಣ್ಣು ಉಜ್ಜಿದರಂತೂ ಆ ಕಣ್ಣಿನ ಪಾಪೆ ಒಂದೇ ದೊಡ್ಡದಾಗಿ ನಿಲ್ಲುತ್ತದೆ. ಕನ್ನಡಿಯಲ್ಲಿ ಎರಡೂ ಪಾಪೆ ಹೋಲಿಸಿ ನೋಡಿ. ಪಟ್ಟಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಆ ದಿನ ಡೈವ್ ಬಿಡಿ, ಬೇರೆ ಔಷಧಿ ಬಗ್ಗೆ ವೈದ್ಯರ ಬಳಿ ಮಾತಾಡಿ. ಪಟ್ಟಿ ಹಚ್ಚಿಯೇ ಇಲ್ಲ, ಆದರೂ ಪಾಪೆಗಳು ಬೇರೆ ಬೇರೆ ಗಾತ್ರಕ್ಕಿವೆ ಅಂದರೆ ತಡಮಾಡದೆ ವೈದ್ಯರನ್ನು ಕಾಣಿ.

ಕಣ್ಣು ಉರಿದು, ನೀರು ಸುರಿದು ಮಸುಕಾಗಿದ್ದರೆ ಮಾಸ್ಕ್‌ಗೆ ಹಚ್ಚಿದ ಮಂಜುನಿರೋಧಕ ದ್ರವ ಸರಿಯಾಗಿ ತೊಳೆದಿರಲಿಕ್ಕಿಲ್ಲ. ಸನ್‌ಸ್ಕ್ರೀನ್ ಇಳಿದಿದ್ದರೂ ಹೀಗೇ. ಸ್ವಚ್ಛ ನೀರಿನಲ್ಲಿ ಕಣ್ಣು ತೊಳೆಯಿರಿ. ಗಂಟೆಗಳಾದರೂ ಇಳಿಯದಿದ್ದರೆ ವೈದ್ಯರು.

ಕಣ್ಣಿನ ಬಿಳಿಭಾಗ ಕೆಂಪಗೆ ರಕ್ತ ಕಟ್ಟಿದಂತಿದ್ದು ಓದಲು ಏನೂ ತೊಂದರೆ ಇಲ್ಲದಿದ್ದರೆ, ಇಳಿಯುವಾಗ ಮಾಸ್ಕ್ ಮುಖವನ್ನು ಹೀರಿದೆ. ಇಳಿಯುತ್ತಾ ಮೂಗಿನಿಂದ ಸ್ವಲ್ಪ ಗಾಳಿ ಮಾಸ್ಕ್ ಒಳಗೆ ಬಿಡಬೇಕಿತ್ತು. ನೋಡಲು ಭಯವಾಗುತ್ತದೆ, ಆದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಮಾಯುತ್ತದೆ. ನೋಟ ಬದಲಾದರೆ ಅಥವಾ ಕಣ್ಣು ಹೊರಕ್ಕೆ ತಳ್ಳಿದಂತೆ ನೋವಿದ್ದರೆ ಮಾತ್ರ ಕಾಯಬೇಡಿ.

ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಶಸ್ತ್ರವೈದ್ಯರ ಒಪ್ಪಿಗೆ ಇಲ್ಲದೆ ನೀರಿಗಿಳಿಯಬೇಡಿ. ಅಕ್ಷಿಪಟಲದ ಚಿಕಿತ್ಸೆಗೆ ಕಣ್ಣೊಳಗೆ ಅನಿಲದ ಗುಳ್ಳೆ ತುಂಬಿದ್ದರೆ, ಅದು ಪೂರ್ತಿ ಕರಗುವ ತನಕ ಡೈವಿಂಗ್ ಕಡ್ಡಾಯವಾಗಿ ಬೇಡ.

## ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ

ಮೆತ್ತನೆ ಲೆನ್ಸ್ ಹಾಕಿ ಡೈವ್ ಮಾಡಬಹುದು. ಗಟ್ಟಿ ಲೆನ್ಸ್ ಬೇಡ. ಮೇಲೇರುವಾಗ ಅದರಡಿ ಗಾಳಿಗುಳ್ಳೆ ಸಿಕ್ಕಿಕೊಂಡು ನೋವು, ಮಸುಕು ತರಬಹುದು. ಒಂದು ಕಣ್ಣಿಗೆ ದೂರದ ನಂಬರ್, ಇನ್ನೊಂದಕ್ಕೆ ಓದುವ ನಂಬರ್ ಹಾಕಿಸಿಕೊಳ್ಳುವ ಪದ್ಧತಿಯೂ ಇದೆ. ಕೆಲವರ ತಲೆ ಅದಕ್ಕೆ ಒಗ್ಗುತ್ತದೆ, ಕೆಲವರದು ಒಗ್ಗುವುದಿಲ್ಲ. ನೆಲದ ಮೇಲೆ ಕೆಲವು ವಾರ ಹಾಕಿ ನೋಡದೆ ನೀರಿಗೆ ಒಯ್ಯಬೇಡಿ.

ಮಾಸ್ಕ್ ತುಂಬಿದಾಗ ಕಣ್ಣು ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಲೆನ್ಸ್ ತೇಲಿಹೋಗುತ್ತದೆ. ಒಂದೇ ದಿನ ಹಾಕಿ ಎಸೆಯುವಂಥದ್ದನ್ನು ಬಳಸಿ, ಡೈವ್ ಆದ ಮೇಲೆ ಎಸೆಯಿರಿ. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸ್ ಅಡಿ ಸೇರಿದರೆ ಕಣ್ಣಿಗೇ ಕುತ್ತು. ಆಮೇಲೆ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲು ಆಗದಿದ್ದರೆ ಲೆನ್ಸ್ ತೆಗೆದು ವೈದ್ಯರ ಬಳಿ ಹೋಗಿ. ನೀರಿಗೆ ಇಳಿದಿದ್ದಿರಿ ಎಂಬುದನ್ನು ಮರೆಯದೆ ಹೇಳಿ.

## ಇದೆಲ್ಲ ಆದ ಮೇಲೂ, ನೀರಿನಡಿಯೇ ಲೆನ್ಸ್ ಕಳಚಿದರೆ

ಡೈವಿಂಗ್‌ನಲ್ಲಿ ಜೊತೆಗಾರನಿಗೆ ‘ಬಡ್ಡಿ’ ಅನ್ನುತ್ತಾರೆ. ನಮ್ಮ ಕಿವಿಗೆ ಸಾಲದ ನೆನಪಾಗುತ್ತದೆ, ಇರಲಿ. ಇಳಿಯುವ ಮೊದಲೇ ಅವರಿಗೆ ‘ನನಗೆ ಚಾಳೀಸು, ಗೇಜ್ ಕಾಣದಿದ್ದರೆ ಈ ಸನ್ನೆ ಮಾಡುತ್ತೇನೆ’ ಎಂದು ಹೇಳಿಡಿ. ನಾವು ಬಳಸುವುದು ಸರಳ: ಎರಡು ಬೆರಳಿಂದ ಸ್ವಂತ ಕಣ್ಣು ತೋರಿಸಿ, ಅಂಗೈ ಅಲ್ಲಾಡಿಸಿ, ಗೇಜನ್ನು ಅವರ ಮುಖದ ಮುಂದೆ ಹಿಡಿಯುವುದು.

ಅವರು ಓದಿ ಬೆರಳಲ್ಲಿ ಹೇಳುತ್ತಾರೆ. ಇದು ಡೈವ್ ಮುಂದುವರಿಸುವ ಏರ್ಪಾಡಲ್ಲ. ಮುಗಿಸುವ ಏರ್ಪಾಡು. ಹೆಬ್ಬೆರಳು ಎತ್ತಿ, ಇಬ್ಬರೂ ಒಟ್ಟಿಗೆ ಮೇಲೇರಿ. ವೇಗವನ್ನು ಅವರ ಕಂಪ್ಯೂಟರ್ ನೋಡಿಕೊಳ್ಳಲಿ, ನೀವು ಅವರ ಕಣ್ಣಿನ ಮಟ್ಟದಲ್ಲೇ ಇರಿ, ಮೇಲಕ್ಕೆ ಹೋಗಬೇಡಿ. ಸುರಕ್ಷತೆಗೆಂದು 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವುದನ್ನೂ ಅವರೇ ಎಣಿಸಲಿ. ನಿಮ್ಮ ಕಂಪ್ಯೂಟರ್ ಬೇರೆ ಏನಾದರೂ ಬೇಡಿದರೆ ಸಾಮಾನ್ಯವಾಗಿ ಅದರ ಸದ್ದು ಕೇಳಿಸುತ್ತದೆ. ಕೇಳಿಸಿದರೆ ಅವರಿಗೇ ತೋರಿಸಿ.

ಕೊಚ್ಚಿಹೋದ ಲೆನ್ಸ್ ಹುಡುಕಲು ತಳಕ್ಕೆ ಇಳಿಯಬೇಡಿ. ಹಾಗೆ ಇಳಿದವರನ್ನು ನಾನು ನೋಡಿದ್ದೇನೆ. ಲೆನ್ಸ್ ಅವರ ಮಾಸ್ಕ್ ಒಳಗೆ ಕೆನ್ನೆಯ ಹತ್ತಿರವೇ ಇತ್ತು.